ಬಣ್ಣದ ಕಪ್‌ಕೇಕ್ ತಿಂದರೆ ಕ್ಯಾನ್ಸರ್ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ತಿಳಿಯಬೇಕಾದ್ದು

ಡಿಸೆಂಬರ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬೇಕರಿಗಳಲ್ಲಿ ಕೆಂಪು, ಹಸಿರು, ನೀಲಿ ಕ್ರೀಮಿನ ಕೇಕ್‌ಗಳು ಸಾಲುಗಟ್ಟುತ್ತವೆ. ಯೂಟ್ಯೂಬ್ ನೋಡಿ ಮನೆಯಲ್ಲೇ ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ಕಪ್‌ಕೇಕ್ ಮಾಡುವವರೂ ಹೆಚ್ಚಿದ್ದಾರೆ. ಅದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಒಂದು ಮಾತು ಓಡಾಡುತ್ತದೆ: "ಕೇಕ್ ತಿಂದರೆ ಕ್ಯಾನ್ಸರ್, ಸರ್ಕಾರವೇ ಹೇಳಿದೆ." ಇದಕ್ಕೆ ಉತ್ತರವಾಗಿ ಇನ್ನೊಂದು: "ಮನೆಯಲ್ಲಿ ಮಾಡಿದರೆ ಏನೂ ಆಗಲ್ಲ." ಎರಡರಲ್ಲೂ ಅರ್ಧ ಸತ್ಯವಷ್ಟೇ ಇದೆ.

ಸರ್ಕಾರ ಹೇಳಿದ್ದೇನು?

2024ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳಿಗೆ ಎಚ್ಚರಿಕೆ ನೀಡಿದ್ದು ನಿಜ. ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಕಂಡುಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕ್‌ಗಳ ಹೆಸರು ಸುದ್ದಿಯಾಯಿತು. ಅಲ್ಯೂರಾ ರೆಡ್, ಸನ್‌ಸೆಟ್ ಯೆಲ್ಲೊ, ಪಾನ್ಸೋ 4ಆರ್, ಟಾರ್ಟ್ರಜೀನ್, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳತ್ತ ಇಲಾಖೆ ಬೊಟ್ಟು ಮಾಡಿತ್ತು. ಉಳಿದ 223 ಮಾದರಿಗಳು ಸುರಕ್ಷಿತವಾಗಿದ್ದವು ಎಂಬ ಸಾಲು ಮಾತ್ರ ಫಾರ್ವರ್ಡ್‌ಗಳಲ್ಲಿ ಕಳೆದುಹೋಯಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಳಸುವುದನ್ನೂ ರಾಜ್ಯ ಸರ್ಕಾರ ನಿಷೇಧಿಸಿತ್ತು. ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುವುದರಿಂದ ಗೊಂದಲ ಶುರುವಾಗುತ್ತದೆ.

ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಯಾವ ತಿನಿಸಿಗೂ, ಎಷ್ಟೇ ಸ್ವಲ್ಪವಾದರೂ ಅದನ್ನು ಹಾಕುವಂತಿಲ್ಲ. ಟಾರ್ಟ್ರಜೀನ್ ಹಾಗಲ್ಲ, ಅದು ಆಹಾರದ ಬಣ್ಣವೇ. ಆದರೆ ಗೋಬಿಗೆ ಹಾಕಲು ಅನುಮತಿ ಇಲ್ಲ. ಕೇಕಿಗೆ ಅನುಮತಿ ಇದೆ, ಮಿತಿಯೊಂದಿಗೆ. ಅಂದರೆ ಕೇಕಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎರಡು: ಯಾವ ಬಣ್ಣ, ಎಷ್ಟು ಬಣ್ಣ?

'ಎಷ್ಟು' ಎಂಬ ಲೆಕ್ಕ

ಅನುಮತಿ ಇರುವ ಕೃತಕ ಬಣ್ಣವನ್ನು ಒಂದು ಕಿಲೋ ಕೇಕಿಗೆ 100 ಮಿಲಿಗ್ರಾಂ ತನಕ ಬಳಸಬಹುದು. ಕ್ರೀಮ್ ಸೇರಿ 60 ಗ್ರಾಂ ತೂಗುವ 10 ಕಪ್‌ಕೇಕ್ ಮಾಡಿದಿರಿ ಎನ್ನಿ. ಒಟ್ಟು 600 ಗ್ರಾಂಗೆ ಮಿತಿ 60 ಮಿಲಿಗ್ರಾಂ, ಒಂದು ಕಪ್‌ಕೇಕಿಗೆ 6 ಮಿಲಿಗ್ರಾಂ.

ಇನ್ನು ದೇಹದ ಲೆಕ್ಕ. ಸನ್‌ಸೆಟ್ ಯೆಲ್ಲೊ ಬಣ್ಣವನ್ನು ಜೀವನಪೂರ್ತಿ ದಿನವೂ ತಿಂದರೂ ತೊಂದರೆಯಾಗದ ಪ್ರಮಾಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಇಟ್ಟಿರುವುದು, ದೇಹದ ತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ. 15 ಕಿಲೋ ತೂಗುವ ಮಗುವಿಗೆ ಅದು 60 ಮಿಲಿಗ್ರಾಂ. ಮಿತಿಯೊಳಗೆ ಬಣ್ಣ ಹಾಕಿದ್ದರೆ ಆ ಮಗು ದಿನಕ್ಕೆ 10 ಕಪ್‌ಕೇಕ್ ತಿಂದರೆ ಮಾತ್ರ ಅಲ್ಲಿಗೆ ಮುಟ್ಟುತ್ತದೆ. ಬಣ್ಣ ಹತ್ತು ಪಟ್ಟಾಗಿದ್ದರೆ ಒಂದೇ ಕಪ್‌ಕೇಕ್ ಸಾಕು.

ಎಲ್ಲ ಬಣ್ಣಕ್ಕೂ ಇಷ್ಟು ಸಡಿಲಿಕೆ ಇಲ್ಲ. ಕೆಂಪಿಗೆ ಬಳಸುವ ಪಾನ್ಸೋ 4ಆರ್ ಬಣ್ಣಕ್ಕೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2009ರಲ್ಲಿ ಈ ಪ್ರಮಾಣವನ್ನು 0.7 ಮಿಲಿಗ್ರಾಂಗೆ ಇಳಿಸಿತು. ಅದರಂತೆ ಅದೇ ಮಗುವಿಗೆ ದಿನಕ್ಕೆ ಸಿಗುವುದು 10.5 ಮಿಲಿಗ್ರಾಂ. ನಮ್ಮ ಮಿತಿಯಲ್ಲೇ ಮಾಡಿದ ಎರಡು ಕಪ್‌ಕೇಕ್ ತಿಂದರೆ ಅದನ್ನು ದಾಟಿದಂತೆ.

ಹಾಗಾದರೆ ಕ್ಯಾನ್ಸರ್?

ಅನುಮತಿ ಇರುವ ಈ ಬಣ್ಣಗಳು ಮಿತಿಯೊಳಗಿದ್ದಾಗ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂದು ಸಾಬೀತಾಗಿಲ್ಲ. ಹಬ್ಬಕ್ಕೆ ಒಂದು ಕಪ್‌ಕೇಕ್ ತಿಂದ ಮಗುವಿನ ತಾಯಿ ಹೆದರಬೇಕಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಎರಿತ್ರೋಸಿನ್ ಎಂಬ ಕೆಂಪು ಬಣ್ಣದ ಅನುಮತಿ ಹಿಂತೆಗೆದುಕೊಂಡಿತು. ಹೆಚ್ಚು ಪ್ರಮಾಣದಲ್ಲಿ ತಿನ್ನಿಸಿದ ಗಂಡು ಇಲಿಗಳಲ್ಲಿ ಗಡ್ಡೆ ಕಂಡಿದ್ದೇ ಅದಕ್ಕೆ ಕಾರಣ. ಇಲಿಗಳಲ್ಲಿ ಅದು ನಡೆಯುವ ಬಗೆ ಮನುಷ್ಯರಲ್ಲಿ ಇಲ್ಲ ಎಂದೂ ಅಲ್ಲಿನ ಇಲಾಖೆಯೇ ಹೇಳಿದೆ.

ಮಕ್ಕಳ ವಿಷಯದಲ್ಲಿ ಗಮನಿಸಬೇಕಾದ ಮಾತು ಬೇರೆ ಇದೆ. 2007ರಲ್ಲಿ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಯನವೊಂದು, ಕೆಲವು ಕೃತಕ ಬಣ್ಣ ಮತ್ತು ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕುಡಿದ ಕೆಲವು ಮಕ್ಕಳಲ್ಲಿ ಚಡಪಡಿಕೆ ಹೆಚ್ಚಿದ್ದನ್ನು ಗುರುತಿಸಿತು. ಎಲ್ಲ ಮಕ್ಕಳಲ್ಲೂ ಹೀಗಾಗಲಿಲ್ಲ. ಆದರೂ 2010ರಿಂದ ಯುರೋಪಿನಲ್ಲಿ ಅಂಥ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ ಎಚ್ಚರಿಕೆ ಮುದ್ರಿಸುವುದು ಕಡ್ಡಾಯ.

ಮನೆಯಲ್ಲಿ ಮಾಡಿದರೆ ಸುರಕ್ಷಿತವೇ?

ಬೇಕರಿಯ ಕೇಕನ್ನು ಅಧಿಕಾರಿಗಳು ಒಮ್ಮೆಯಾದರೂ ಪರೀಕ್ಷೆಗೆ ಒಯ್ಯಬಹುದು. ಮನೆಯ ಕಪ್‌ಕೇಕನ್ನು ಯಾರೂ ಒಯ್ಯುವುದಿಲ್ಲ. 60 ಮಿಲಿಗ್ರಾಂ ಎಂದರೆ ಗ್ರಾಂ ಲೆಕ್ಕದ ಅಡುಗೆಮನೆ ತಕ್ಕಡಿಗೆ ತಿಳಿಯದಷ್ಟು ಕಡಿಮೆ. ವಿಡಿಯೊದಲ್ಲಿ ಕಂಡ ಕಡುಗೆಂಪು ಬರಲಿ ಎಂದು ಚಮಚಗಟ್ಟಲೆ ಬಣ್ಣ ಸುರಿದರೆ ಮಿತಿ ಮೀರಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಪಾಲಿಸಬಹುದಾದ ಅಳತೆ ಒಂದೇ: ತೆಳು ಬಣ್ಣ. ಟೂತ್‌ಪಿಕ್ ತುದಿಯಲ್ಲಿ ಬಂದಷ್ಟು ಜೆಲ್ ಹಾಕಿ, ಕಲಸಿ, ತಿಳಿ ಗುಲಾಬಿಯಾದರೆ ಅಲ್ಲಿಗೇ ನಿಲ್ಲಿಸಿ. ಹಿಟ್ಟಿಗೂ ಕ್ರೀಮಿಗೂ ಎರಡಕ್ಕೂ ಬಣ್ಣ ಬೇಡ, ಮೇಲಿನ ಕ್ರೀಮಿಗೆ ಸಾಕು.

ಯಾವ ಬಣ್ಣ ಎಂಬುದನ್ನು ಕೊಳ್ಳುವಾಗಲೇ ನೋಡಿ. ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬಣ್ಣದ ಹೆಸರು ಅಥವಾ ಐಎನ್‌ಎಸ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಇರಬೇಕು. 102 ಎಂದರೆ ಟಾರ್ಟ್ರಜೀನ್, 110 ಸನ್‌ಸೆಟ್ ಯೆಲ್ಲೊ, 122 ಕಾರ್ಮೋಸಿನ್, 124 ಪಾನ್ಸೋ 4ಆರ್, 133 ಬ್ರಿಲಿಯಂಟ್ ಬ್ಲೂ. ಸಂತೆಯಲ್ಲಿ ಚೀಟಿಯಿಲ್ಲದೆ ಸಿಗುವ ಬಿಡಿ ಬಣ್ಣದ ಪುಡಿ ಬೇಡ. ಗ್ರಂಧಿಗೆ ಅಂಗಡಿಯ ರಂಗೋಲಿ ಬಣ್ಣವಂತೂ ತಿನ್ನಲಿಕ್ಕಲ್ಲ.

"ನೀರಿಗೆ ಹಾಕಿ, ಬಣ್ಣ ಬಿಟ್ಟರೆ ನಕಲಿ" ಎಂಬ ಪರೀಕ್ಷೆ ನಂಬಬೇಡಿ. ಅನುಮತಿ ಇರುವ ಈ ಬಣ್ಣಗಳೂ ನೀರಿನಲ್ಲಿ ಕರಗುತ್ತವೆ, ರೋಡಮಿನ್-ಬಿ ಕೂಡ ಕರಗುತ್ತದೆ.

ತರಕಾರಿ ಬಣ್ಣ ಏಕೆ ಕೈಕೊಡುತ್ತದೆ?

ಬೀಟ್‌ರೂಟ್ ಹಾಕಿದ ಕೇಕ್ ಒಲೆಯಿಂದ ಕಂದಾಗಿ ಬಂದರೆ ನಿಮ್ಮ ತಪ್ಪಲ್ಲ. ಅದರ ಕೆಂಪು ಬಿಸಿಗೆ ಒಡೆದುಹೋಗುತ್ತದೆ. ಹಸಿ ಬೀಟ್‌ರೂಟ್ ತುರಿದು ಹಿಂಡಿದ ರಸವನ್ನು ಬೇಯಿಸದ ಕ್ರೀಮಿಗೆ ಒಂದು ಚಮಚ ಬೆರೆಸಿದರೆ ಗುಲಾಬಿ ಉಳಿಯುತ್ತದೆ. ಅರಿಶಿನ ಅಡುಗೆ ಸೋಡಾ ಇರುವ ಹಿಟ್ಟಿನಲ್ಲಿ ಕೆಂಪಾಗುತ್ತದೆ, ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವ ಹಾಗೆಯೇ. ಹಾಗಾಗಿ ಹಳದಿ ಬೇಕಿದ್ದರೆ ಅದನ್ನೂ ಚಿಟಿಕೆಯಷ್ಟು ಬೆಣ್ಣೆಯ ಕ್ರೀಮಿಗೇ ಹಾಕಿ. ಶಂಖಪುಷ್ಪ ನೆನೆಸಿದ ನೀರು ನೀಲಿ, ನಿಂಬೆ ಹಿಂಡಿದರೆ ನೇರಳೆ. ಹಸಿ ರಸ ಬೆರೆಸಿದ ಕ್ರೀಮನ್ನು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ. ಬೀಟ್‌ರೂಟ್ ತಿಂದ ಮಗುವಿನ ಮೂತ್ರ ಮರುದಿನ ಕೆಂಪಗೆ ಕಂಡರೆ ಗಾಬರಿ ಬೇಡ, ಕೆಲವರಲ್ಲಿ ಹಾಗಾಗುತ್ತದೆ. ಬೀಟ್‌ರೂಟ್ ತಿನ್ನದೆಯೂ ಹಾಗೆ ಕಂಡರೆ ವೈದ್ಯರಿಗೆ ತೋರಿಸಿ.

ಕ್ರಿಸ್‌ಮಸ್ ಕಳೆದು ಮೂರು ವಾರಕ್ಕೆ ಸಂಕ್ರಾಂತಿ. ಸಕ್ಕರೆ ಅಚ್ಚಿಗೆ ಗುಲಾಬಿ, ಹಳದಿ ಹಾಕುವಾಗಲೂ ಲೆಕ್ಕ ಇದೇ. "ಕೇಕ್ ತಿಂದರೆ ಕ್ಯಾನ್ಸರ್" ಎಂಬ ಸಂದೇಶ ನಿಮಗೆ ಬಂದರೆ, ಕಳಿಸಿದವರಿಗೆ ಎರಡು ಸಾಲು ಬರೆಯಿರಿ: 235ರಲ್ಲಿ 223 ಸುರಕ್ಷಿತವಾಗಿದ್ದವು. ಮನೆಯಲ್ಲಿ ಮಾಡುವುದಾದರೆ ಹೆಸರಿರುವ ಬಣ್ಣ ಕೊಳ್ಳಿ, ತೆಳುವಾಗಿ ಹಾಕಿ.