ಬಿಟ್ಟುಹೋದ ಶೇಕಡಾ ಚಿಹ್ನೆ

ಕಳೆದ ಭಾನುವಾರ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಗೆಳತಿಯ ಮನೆಯ ಫೋನಿನಲ್ಲಿ ಟೆಲಿಗ್ರಾಮ್ ಇದೆ, ಇವಳ ಅಮ್ಮನ ಫೋನಿನಲ್ಲಿ ವಾಟ್ಸ್‌ಆ್ಯಪ್ ಇದೆ. ತಾನು ಬರೆದ ಚಿತ್ರವನ್ನು ಗೆಳತಿಗೆ ಕಳಿಸಬೇಕೆಂದರೆ ಆಗುತ್ತಿಲ್ಲ.

"ಮಾಮಾ, ಇದರಾಗಿಂದ ಅದಕ್ಕ ಯಾಕ ಹೋಗಂಗಿಲ್ಲ? ಎರಡೂ ಫೋನೇ ಅಲ್ಲೇನು?"

ಪ್ರಶ್ನೆ ಕೇಳಿ ನನಗೆ 1990ರ ಒಂದು ವಾರ ನೆನಪಾಯಿತು. ಆಗ ನಾನು ಏಳನೆಯ ತರಗತಿಯಲ್ಲಿದ್ದೆ. ನಾನು ಬಿಟ್ಟ ಒಂದೇ ಒಂದು ಚಿಹ್ನೆಯಿಂದ ನಮ್ಮ ಅಜ್ಜನ ಆಪರೇಷನ್ನೇ ಮುಂದಕ್ಕೆ ಹೋಗಿತ್ತು. ಆ ಕಥೆಯನ್ನು ಅವಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ.

ನಮ್ಮ ಅಜ್ಜ ಹುಬ್ಬಳ್ಳಿ ರೈಲ್ವೆಯ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಸಣ್ಣ ಮಗ, ಅಂದರೆ ನಮ್ಮ ಕಾಕಾ, ಓದಲು ಅಮೆರಿಕಕ್ಕೆ ಹೋಗಿದ್ದ. ಆ ವರ್ಷ ಅಜ್ಜನಿಗೆ ಹೊಟ್ಟೆಯ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು, ತಡ ಮಾಡಬೇಡಿ ಎಂದೂ ಹೇಳಿದರು. ಆದರೆ ಅಜ್ಜ ಹಟ ಹಿಡಿದರು.

"ಸಣ್ಣಾಂವಗ ತಿಳಿಸದ ನಾ ಆ ಟೇಬಲ್ ಮ್ಯಾಲ ಮಲಗಂಗಿಲ್ಲ. ಅವನ ಉತ್ತರ ಬರಲಿ, ಆಮ್ಯಾಲ ನೋಡೋಣು."

ಕಾಗದ ಬರೆದರೆ ಹೋಗಲು ಎರಡು ವಾರ, ಉತ್ತರ ಬರಲು ಮತ್ತೆ ಎರಡು ವಾರ. ಕಾಕಾ ಆಗಷ್ಟೇ ರೂಮು ಬದಲಿಸಿದ್ದ, ಹೊಸ ಫೋನ್ ನಂಬರ್ ನಮ್ಮ ಬಳಿ ಇರಲಿಲ್ಲ. ಅವನ ಕೊನೆಯ ಪತ್ರದ ಕೆಳಗೆ ಮಾತ್ರ ಒಂದು ವಿಚಿತ್ರ ಸಾಲಿತ್ತು. "ಅವಸರ ಇದ್ದರೆ ಬೆಂಗಳೂರಿನ ನನ್ನ ಗೆಳೆಯನಿಗೆ ಫೋನ್ ಮಾಡಿ ಈ ವಿಳಾಸ ಹೇಳಿ, ಅವನು ಕಂಪ್ಯೂಟರಿನಿಂದ ಕಳಿಸುತ್ತಾನೆ" ಎಂದು ಬರೆದಿದ್ದ. ಗೆಳೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ.

ಆಗ ಇಂಥ ಸೌಲಭ್ಯ ದೇಶದಲ್ಲಿ ಇದ್ದದ್ದೇ ಕೆಲವು ಕಡೆ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 'ಅರ್ನೆಟ್' ಎಂಬ ಜಾಲವನ್ನು ಶುರು ಮಾಡಿತ್ತು. ಅದರಲ್ಲಿ ಮೊದಲಿಗೆ ಇದ್ದವು ಎಂಟೇ ಸಂಸ್ಥೆಗಳು: ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈನ ಎನ್‌ಸಿಎಸ್‌ಟಿ ಮತ್ತು ದೆಹಲಿಯಲ್ಲಿದ್ದ ಆ ಇಲಾಖೆ. ಹೊರದೇಶಕ್ಕೆ ಹೋಗುವ ಪತ್ರಗಳು ಮುಂಬೈ ಜುಹುವಿನ ಎನ್‌ಸಿಎಸ್‌ಟಿಯಿಂದ ಅಮೆರಿಕದ ವರ್ಜೀನಿಯಾದಲ್ಲಿದ್ದ 'ಯುಯುನೆಟ್' ಎಂಬಲ್ಲಿಗೆ ಹೋಗುತ್ತಿದ್ದವು. ಆ ತಂತಿಯ ವೇಗ ಸೆಕೆಂಡಿಗೆ 9600 ಬಿಟ್. ಈಗ ನಿಮ್ಮ ಫೋನಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೊ ಆ ತಂತಿಯಲ್ಲಿ ಹೋಗಬೇಕಾದರೆ ಮುಕ್ಕಾಲು ಗಂಟೆಯ ಹತ್ತಿರ ಹಿಡಿಯುತ್ತಿತ್ತು. ಅದೂ ಬೇರೆ ಯಾರ ಪತ್ರವೂ ನಡುವೆ ಬರದಿದ್ದರೆ!

ಸೋಮವಾರ ಅಪ್ಪ ನನ್ನನ್ನು ಕರೆದುಕೊಂಡು ಕೇಶ್ವಾಪುರದ ಎಸ್‌ಟಿಡಿ ಬೂತಿಗೆ ಹೋದರು. ಕಾಕಾನ ಕೂಡುಬರಹದ ಇಂಗ್ಲಿಷ್ ಓದುವ ಕೆಲಸ ನನ್ನದು. ಐದನೆಯ ತರಗತಿಯಿಂದ ಇಂಗ್ಲಿಷ್ ಕಲಿತವನೆಂಬ ಜಂಬ ಬೇರೆ. ವಿಳಾಸದಲ್ಲಿ ಎರಡು ಚಿಹ್ನೆಗಳಿದ್ದವು. ಒಂದು @. ಅದು ಏನೆಂದು ಅಜ್ಜನೇ ಹೇಳಿಕೊಟ್ಟಿದ್ದರು. "ಇದು ದರದ ಗುರುತೋ ತಮ್ಮಾ. ಹತ್ತು ಚೀಲ, ಚೀಲಕ್ಕ ಇಷ್ಟರಂಗ ಅಂತ ಬಿಲ್ಲಿನಾಗ ಹಾಕತೀವಿ." ಇನ್ನೊಂದು %. ಅದು ನನಗೇ ಗೊತ್ತಿತ್ತು, ಶಾಲೆಯಲ್ಲಿ ಆಗಷ್ಟೇ ಶೇಕಡಾ ಲೆಕ್ಕ ಮಾಡುತ್ತಿದ್ದೆವು. ಆದರೆ ಶೇಕಡಾ ಎಷ್ಟು ಎಂಬ ಅಂಕಿ ಅಲ್ಲಿ ಇರಲಿಲ್ಲ. ಕಾಕಾ ತಪ್ಪಿ ಬರೆದಿದ್ದಾನೆ ಎಂದುಕೊಂಡು ಅದನ್ನು ಬಿಟ್ಟೇಬಿಟ್ಟೆ. ಉಳಿದ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಅಪ್ಪ ಬೆವರು ಒರೆಸಿಕೊಳ್ಳುತ್ತಿದ್ದರು.

ಮಂಗಳವಾರ ಉತ್ತರವಿಲ್ಲ. ಬುಧವಾರವೂ ಇಲ್ಲ. ಆಸ್ಪತ್ರೆಯಲ್ಲಿ ಅಜ್ಜ ಬಾಗಿಲ ಕಡೆಗೇ ನೋಡುತ್ತಿದ್ದರು. ಗುರುವಾರ ಸಂಜೆ ಪಕ್ಕದ ಮನೆಯ ಫೋನಿಗೆ ಬೆಂಗಳೂರಿನಿಂದ ಕರೆ ಬಂತು. ಪತ್ರ ವಾಪಸ್ ಬಂದಿದೆಯಂತೆ. ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಅಮೆರಿಕದ ಕಂಪ್ಯೂಟರು ಬರೆದಿದೆಯಂತೆ.

"ವಿಳಾಸದೊಳಗ ಇನ್ನೊಂದು ಚಿಹ್ನೆ ಏನರ ಇತ್ತೇನು, ನೋಡು?" ಎಂದು ಗೆಳೆಯ ಕೇಳಿದ.

ನನ್ನ ಎದೆ ಧಸಕ್ಕೆಂದಿತು. "ಹೌದ್ರಿ, ಒಂದು ಶೇಕಡಾ ಇತ್ತು. ನಾ ಬಿಟ್ಟೆ" ಎಂದೆ.

ಆ ಚಿಹ್ನೆಯ ಕೆಲಸ ಏನೆಂದು ಈಗ ಹೇಳುತ್ತೇನೆ, ಕೇಳಿ. ಆ ಕಾಲದಲ್ಲಿ ಕಂಪ್ಯೂಟರ್ ಜಾಲ ಒಂದೇ ಇರಲಿಲ್ಲ, ಹಲವು ಇದ್ದವು. ಒಂದೊಂದಕ್ಕೂ ಅದರದೇ ವಿಳಾಸದ ಪದ್ಧತಿ. ಒಂದು ಜಾಲದಲ್ಲಿ ಹೆಸರು, @, ಕಂಪ್ಯೂಟರಿನ ಹೆಸರು. @ ಚಿಹ್ನೆಯನ್ನು ಹೀಗೆ ಬಳಸಲು 1971ರಲ್ಲಿ ಶುರು ಮಾಡಿದವರು ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರ್. 'ಯುಯುಸಿಪಿ' ಎಂಬ ಇನ್ನೊಂದರಲ್ಲಿ ಪತ್ರ ಹೋಗುವ ದಾರಿಯನ್ನೆಲ್ಲ ನಾವೇ ಬರೆಯಬೇಕಿತ್ತು. ಧಾರವಾಡ!ಹುಬ್ಬಳ್ಳಿ!ಗೋಪನಕೊಪ್ಪ!ಅಜ್ಜ ಎಂಬಂತೆ, ನಡುನಡುವೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ. ನಡುವಿನ ಒಂದು ಊರು ತಪ್ಪಿದರೆ ಪತ್ರ ಅಲ್ಲಿಗೇ ಮುಗಿಯಿತು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಎಂಬವರು ಶುರು ಮಾಡಿದ 'ಫಿಡೊನೆಟ್'ನಲ್ಲಿ ವಿಳಾಸವೆಂದರೆ ಬರೀ ಅಂಕಿಗಳು. ಬ್ರಿಟನ್ನಿನ ವಿಶ್ವವಿದ್ಯಾಲಯಗಳದು ಇನ್ನೂ ತಮಾಷೆ. ಬೇರೆಯವರು ಊರು ಮೊದಲು, ದೇಶ ಕೊನೆಗೆ ಬರೆದರೆ, ಅವರು ದೇಶ ಮೊದಲು ಬರೆಯುತ್ತಿದ್ದರು. ಅವರ ವಿಳಾಸದ ಕೊನೆಗೆ ಕಂಪ್ಯೂಟರ್ ಸೈನ್ಸ್ ವಿಭಾಗದ ಗುರುತಾದ 'ಸಿಎಸ್' ಬಂದರೆ, ಅದು ಚೆಕೊಸ್ಲೊವಾಕಿಯಾ ದೇಶದ ಗುರುತೂ ಆಗಿದ್ದರಿಂದ ಗೊಂದಲವಾಗುತ್ತಿತ್ತು.

ಕಾಕಾ ಇದ್ದ ವಿಶ್ವವಿದ್ಯಾಲಯದ ಜಾಲ 'ಬಿಟ್‌ನೆಟ್'. 1981ರಲ್ಲಿ ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ ಮತ್ತು ಯೇಲ್ ವಿಶ್ವವಿದ್ಯಾಲಯಗಳ ನಡುವೆ ಶುರುವಾದದ್ದು ಅದು. ಬೆಂಗಳೂರಿನ ಜಾಲದಿಂದ ಅದಕ್ಕೆ ನೇರ ದಾರಿ ಇರಲಿಲ್ಲ. ಎರಡೂ ಜಾಲಗಳಿಗೆ ಸೇರಿದ ಒಂದು ಕಂಪ್ಯೂಟರು ನಡುವೆ ಬೇಕಿತ್ತು. ಅದನ್ನು ಗೇಟ್‌ವೇ ಎನ್ನುತ್ತಿದ್ದರು, ಅಂದರೆ ಹೆಬ್ಬಾಗಿಲು. ಹಾಗಾಗಿ ವಿಳಾಸವನ್ನು ಹೀಗೆ ಬರೆಯಬೇಕು:

ಕಾಕಾ%ಕಾಲೇಜು.ಬಿಟ್‌ನೆಟ್@ಹೆಬ್ಬಾಗಿಲು

ಪತ್ರ ಮೊದಲು @ ನಂತರ ಇರುವ ಹೆಬ್ಬಾಗಿಲಿಗೆ ಹೋಗುತ್ತದೆ. ಹೆಬ್ಬಾಗಿಲು ತನ್ನ ಹೆಸರನ್ನು ತೆಗೆದುಹಾಕಿ, % ಇದ್ದಲ್ಲಿ @ ಇಟ್ಟು, ಪತ್ರವನ್ನು ಬಿಟ್‌ನೆಟ್ಟಿನೊಳಗೆ ದಾಟಿಸುತ್ತದೆ. ನಾನು % ಬಿಟ್ಟಿದ್ದರಿಂದ ಕಾಕಾನ ಹೆಸರೂ ಕಾಲೇಜಿನ ಹೆಸರೂ ಅಂಟಿಕೊಂಡು ಒಬ್ಬನೇ ಮನುಷ್ಯನ ಹೆಸರಿನಂತೆ ಆಗಿಬಿಟ್ಟಿತು. ಅಷ್ಟು ಉದ್ದ ಹೆಸರಿನವನು ಹೆಬ್ಬಾಗಿಲಿನಲ್ಲಿ ಎಲ್ಲಿಂದ ಬರಬೇಕು?

ಇದನ್ನೆಲ್ಲ ಗೆಳೆಯ ಫೋನಿನಲ್ಲಿ ಹೇಳಿದ. ಆಸ್ಪತ್ರೆಗೆ ಹೋಗಿ ಅಜ್ಜನಿಗೆ ನಾನೇ ತಪ್ಪು ಒಪ್ಪಿಕೊಂಡೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅಂದ್ರ ಅದು ಮಿರಜ್ ಇದ್ದಂಗ" ಎಂದರು ಆಮೇಲೆ.

ಆಗ ನಮ್ಮ ಹುಬ್ಬಳ್ಳಿಯ ಹಳಿ ಮೀಟರ್ ಗೇಜ್. ಹಳಿಗಳ ನಡುವೆ 1000 ಮಿಲಿಮೀಟರ್ ಅಂತರ. ಮಿರಜ್‌ನಿಂದ ಮುಂದೆ ಪುಣೆ, ಮುಂಬೈ ಕಡೆಗೆ ಬ್ರಾಡ್ ಗೇಜ್, 1676 ಮಿಲಿಮೀಟರ್. ನಮ್ಮ ಗಾಡಿ ಆ ಹಳಿಯ ಮೇಲೆ ಓಡುವುದೇ ಇಲ್ಲ. ಮುಂಬೈಗೆ ಹೋಗುವವರು ಮಿರಜ್‌ನಲ್ಲಿ ಇಳಿದು ಗಂಟು ಮೂಟೆ ಹೊತ್ತು ಇನ್ನೊಂದು ಗಾಡಿ ಹತ್ತಬೇಕಿತ್ತು. ಗೂಡ್ಸ್ ಗಾಡಿಯ ಚೀಲಗಳನ್ನು ಹಮಾಲರು ಒಂದೊಂದಾಗಿ ಎತ್ತಿ ಹಾಕಬೇಕಿತ್ತು. ಚೀಟಿಯಲ್ಲಿ ಮುಂದಿನ ಊರು ಸರಿಯಾಗಿ ಬರೆದಿರದಿದ್ದರೆ ಚೀಲ ಮಿರಜ್‌ನಲ್ಲೇ ಉಳಿಯುತ್ತಿತ್ತು. ಅಜ್ಜ ಜೀವನಪೂರ್ತಿ ಬರೆದದ್ದು ಅಂಥ ಚೀಟಿಗಳನ್ನೇ.

"ಆದರ ಒಂದ್ ಮಾತು ಕೇಳ್ತೀನಿ" ಎಂದರು ಅಜ್ಜ. "ನಮ್ಮ ಗೋಪನಕೊಪ್ಪದ ಪೋಸ್ಟ್‌ಮನ್ ಮನಿ ನಂಬರ್ ತಪ್ಪಿದ್ರೂ ನಾಕು ಮಂದೀನ ಕೇಳಿ ಕಾಗದ ತಂದು ಕೊಡ್ತಾನ. ಆ ಯಂತ್ರ ಯಾರನ್ನೂ ಕೇಳಂಗಿಲ್ಲೇನು?"

"ಕೇಳಂಗಿಲ್ಲ ಅಜ್ಜ."

"ಹಂಗಾದ್ರ ನಾವೇ ನೆಟ್ಟಗ ಬರೀಬೇಕಾತು" ಎಂದು ಕಣ್ಣು ಮುಚ್ಚಿದರು. ಬೈದಿದ್ದರೇ ನನಗೆ ಹಗುರಾಗುತ್ತಿತ್ತೇನೋ.

ಶುಕ್ರವಾರ ಪತ್ರ ಮತ್ತೆ ಹೋಯಿತು. ಭಾನುವಾರ ಉತ್ತರ ಬಂತು. ಗೆಳೆಯ ಅದನ್ನು ಪ್ರಿಂಟ್ ತೆಗೆದು ರಾತ್ರಿ ಬಸ್ಸಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕೊಟ್ಟು ಕಳಿಸಿದ. ಅಂಚಿನುದ್ದಕ್ಕೂ ತೂತುಗಳಿದ್ದ ಕಾಗದ, ಚುಕ್ಕಿ ಚುಕ್ಕಿ ಅಕ್ಷರ. ಆಗ ಆ ಜಾಲಗಳಲ್ಲಿ ಕನ್ನಡ ಲಿಪಿ ದಾಟುತ್ತಿರಲಿಲ್ಲ. ಕಾಕಾ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಆ ಅಕ್ಷರಗಳಿಗೆ ಲ, ಳ ಎಂಬ ಭೇದವಿಲ್ಲ. "ರಾತ್ರಿ ಹಾಳು ಕುಡಿಯೋದು ಬಿಡಬ್ಯಾಡ್ರಿ" ಎಂದು ನಾನು ಗಟ್ಟಿಯಾಗಿ ಓದಿದಾಗ ಅಜ್ಜ ಆ ನೋವಿನಲ್ಲೂ ನಕ್ಕರು. "ಹಾಲೋ ತಮ್ಮಾ, ಹಾಲು!"

ಕೊನೆಯ ಸಾಲಿನಲ್ಲಿ ಕಾಕಾ "ಅಪ್ಪಾ, ಧೈರ್ಯವಾಗಿ ಆಪರೇಷನ್ ಮಾಡಿಸಿಕೊಳ್ಳಿ, ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ" ಎಂದು ಬರೆದಿದ್ದ. ಅಜ್ಜ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಮಂಗಳವಾರ ಆಪರೇಷನ್ ಆಯಿತು. ಅಜ್ಜ ಉಳಿದರು. ಕಾಕಾ ಬಂದಾಗ ಅವನ ಜೊತೆ ಸ್ಟೇಷನ್ನಿಗೆ ಹೋಗಿ ಹಳೆಯ ಗೂಡ್ಸ್ ಶೆಡ್ ತೋರಿಸುವಷ್ಟು ಗಟ್ಟಿಯಾದರು. ಆದರೂ ಸೋಮವಾರದಿಂದ ಗುರುವಾರದವರೆಗಿನ ಆ ನಾಲ್ಕು ದಿನ ನೆನಪಾದಾಗ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ.

ಮುಂದೆ ಹಳಿಗಳೂ ಬದಲಾದವು, ಜಾಲಗಳೂ ಬದಲಾದವು. ಹುಬ್ಬಳ್ಳಿಗೆ ಬ್ರಾಡ್ ಗೇಜ್ ಬಂತು, ಮಿರಜ್‌ನಲ್ಲಿ ಇಳಿಯುವುದು ತಪ್ಪಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೂ ಇಂಟರ್ನೆಟ್ ಕೊಟ್ಟಿತು. ಬಿಟ್‌ನೆಟ್ ಮೆಲ್ಲಗೆ ಮರೆಯಾಯಿತು. ಎಲ್ಲರೂ ವಿಳಾಸ ಬರೆಯುವ ಒಂದೇ ರೀತಿಯನ್ನು ಒಪ್ಪಿಕೊಂಡರು. ಅದಕ್ಕೇ ಇವತ್ತಿಗೂ ನಿಮ್ಮ ಇಮೇಲ್ ಯಾವ ಕಂಪನಿಯದಾದರೂ ಇನ್ನೊಂದು ಕಂಪನಿಯ ಇಮೇಲಿಗೆ ಪತ್ರ ಹೋಗುತ್ತದೆ. ತಂಗಿಯ ಮಗಳ ಚಿತ್ರ ಒಂದು ಆ್ಯಪಿನಿಂದ ಇನ್ನೊಂದಕ್ಕೆ ಹೋಗದಿರುವುದು ತಂತಿ ಇಲ್ಲವೆಂದಲ್ಲ. ಎರಡು ಕಡೆಯವರು ಕೂತು ಒಂದು ಗೇಜಿಗೆ ಒಪ್ಪಿಲ್ಲ, ಅಷ್ಟೇ.

ಕಥೆ ಮುಗಿದ ಮೇಲೆ ಅವಳು ಗೆಳತಿಯ ಅಪ್ಪನ ಇಮೇಲ್ ವಿಳಾಸ ಕೇಳಿ ಬರೆದುಕೊಂಡು ಬಂದಳು. ಕಳಿಸುವ ಮೊದಲು ಚೀಟಿಯನ್ನು ನನ್ನ ಮುಂದೆ ಹಿಡಿದಳು.

"ಮಾಮಾ, ಒಂದೊಂದೇ ಅಕ್ಷರ ಓದ್ತೀನಿ. ನೀ ನೋಡ್ತಾ ಇರು. ಚುಕ್ಕಿನೂ ಬಿಡಬಾರದು."

ಮಕ್ಕಳೇ, ನಿಮ್ಮ ಮನೆಯಲ್ಲೂ ಹಳೆಯ ವಿಳಾಸದ ಪುಸ್ತಕವೊಂದು ಇರಬಹುದು. ಈ ವಾರ ಅದನ್ನು ತೆಗೆದು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕೂರಿ. ಯಾವ ಪತ್ರ ಯಾವ ದಾರಿಯಿಂದ, ಎಷ್ಟು ದಿನಕ್ಕೆ ಬಂದಿತ್ತೆಂದು ಕೇಳಿ. ಒಂದೊಂದು ವಿಳಾಸದ ಹಿಂದೆಯೂ ಕಾದು ಕೂತಿದ್ದ ಒಬ್ಬರು ಇರುತ್ತಾರೆ.