ಒಂದು ಗಂಟೆಯ ಹಾರಾಟ: ಲೆಕ್ಕಕ್ಕೆ ಬಾರದ ದೂರ

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ದೂರ ಸುಮಾರು 240 ಕಿಲೋಮೀಟರ್. ತುಮಕೂರಿನ ಅಂಚಿನ ಅಂತರಸನಹಳ್ಳಿ ಹೆಚ್ಚುಕಡಿಮೆ ಆ ಗೆರೆಯ ಕೆಳಗೇ ಇದೆ. 2023ರ ಫೆಬ್ರವರಿಯಲ್ಲಿ ಸೋಗಾನೆ ನಿಲ್ದಾಣ ಉದ್ಘಾಟನೆಗೊಂಡು, ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಇಳಿದ ಮೇಲೆ, ಮಲೆನಾಡಿಗೂ ರಾಜಧಾನಿಗೂ ಇನ್ನು ಒಂದೇ ಗಂಟೆಯ ಅಂತರವೆಂಬ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ಆ ಗಂಟೆ ಹಾರಾಟದ್ದು, ಪ್ರಯಾಣದ್ದಲ್ಲ.

ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಎಟಿಆರ್ ವಿಮಾನಕ್ಕೆ ಇದು ಅರ್ಧ ಗಂಟೆಯ ದಾರಿ. ಆದರೂ ಒಂದು ಗಂಟೆ ಬೇಕಾಗುವುದೇಕೆ? ನೆಲದ ಮೇಲಿನ ಓಟ, ಏರಿಕೆ, ಇಳಿಯುವ ಸರದಿ ಇವಾವುವೂ ದೂರ ಕಡಿಮೆಯಾದಷ್ಟೂ ಕಡಿಮೆಯಾಗುವುದಿಲ್ಲ. ಇಂಧನವನ್ನು ಅತಿಯಾಗಿ ನುಂಗುವುದೂ ಆ ಏರಿಕೆಯೇ. ಶಿವಮೊಗ್ಗದ ಪ್ರಯಾಣಿಕನು ಕನಿಷ್ಠ ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ದೇವನಹಳ್ಳಿಯಲ್ಲಿ ಇಳಿದು, ಸಾಮಾನು ಪಡೆದು, ಮೆಜೆಸ್ಟಿಕ್ಕಿಗೆ ಮತ್ತೆ ಸುಮಾರು 35 ಕಿಲೋಮೀಟರ್ ರಸ್ತೆ ಸವೆಸಬೇಕು. ಎಲ್ಲವನ್ನೂ ಕೂಡಿಸಿದರೆ ನಾಲ್ಕು ಗಂಟೆ ಮೀರುತ್ತದೆ. ಜನಶತಾಬ್ದಿ ರೈಲು ನಾಲ್ಕೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಸಾಗರದವನಿಗಂತೂ ಸೋಗಾನೆ ಮುಟ್ಟಲು ಇನ್ನೂ ಒಂದೂವರೆ ಗಂಟೆ. ಮಳೆಗಾಲದ ಮಂಜಿನ ಮಾತು ಬೇರೆ.

ಆ ನಿಲ್ದಾಣಕ್ಕೆ ತಗುಲಿದ್ದು ಸುಮಾರು 450 ಕೋಟಿ ರೂಪಾಯಿ. ಉಡಾನ್ ಯೋಜನೆಯ ಮಾರ್ಗಗಳ ನಷ್ಟ ತುಂಬುವಲ್ಲಿ ರಾಜ್ಯದ ಬೊಕ್ಕಸದ ಪಾಲೂ ಇದೆ. ಅಂದರೆ ವಿಮಾನ ಹತ್ತದವನೂ ಟಿಕೇಟಿಗೆ ಹಣ ತೆರುತ್ತಾನೆ. ಹೆಚ್ಚುಕಡಿಮೆ ಅಷ್ಟೇ ವೆಚ್ಚದಲ್ಲಿ ಅದೇ ಜಿಲ್ಲೆಯಲ್ಲಿ ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯೂ ಆಯಿತು. ಆದರೆ ಯಾವಾಗ? 1964ರ ಲಿಂಗನಮಕ್ಕಿ ಅಣೆಕಟ್ಟೆಯಿಂದ ದ್ವೀಪವಾದ ತುಮರಿಯ ಜನರಿಗೆ ಅದು ದಕ್ಕಿದ್ದು 2025ರ ಜುಲೈನಲ್ಲಿ. ಸಂಜೆ ಲಾಂಚ್ ನಿಂತ ಮೇಲೆ ರೋಗಿಯನ್ನು ದಡ ದಾಟಿಸಲಾಗದೆ ಕುಳಿತವರು ಅರುವತ್ತು ವರ್ಷ ಕಾದರು. ವಿಮಾನವೇರುವವರು ಅವರಿಗಿಂತ ಎರಡು ವರ್ಷ ಮೊದಲೇ ಹಾರಿದರು!

ಗೆರೆಯ ಕೆಳಗಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯನ್ನು ನೋಡಬೇಕು. ಸೊಪ್ಪು, ಟೊಮ್ಯಾಟೊ ಬಾಡುವುದು ಗಂಟೆಗಳ ಲೆಕ್ಕದಲ್ಲಿ; ಅವಕ್ಕೆ ಬೇಕಾದದ್ದು ಹೊಲದಿಂದ ಮಾರುಕಟ್ಟೆಯವರೆಗಿನ ಮೊದಲ ಇಪ್ಪತ್ತು ಕಿಲೋಮೀಟರಿನ ವೇಗ, ಒಂದಿಷ್ಟು ನೆರಳು, ಒಂದು ಶೀತಲಗೃಹ. ತೀರ್ಥಹಳ್ಳಿಯ ಒಣಗಿಸಿದ ಅಡಿಕೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಅದಕ್ಕೆ ವಿಮಾನದ ಅವಸರವಿಲ್ಲ. ರೈತನ ಹೆಸರು ಹೇಳಿ ವಿಮಾನ ಹಾರಿಸುವವರು ಈ ವ್ಯತ್ಯಾಸವನ್ನಾದರೂ ತಿಳಿದಿರಬೇಕಿತ್ತು.

ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕಾಗಿ 2025ರಲ್ಲಿ ಪರಿಶೀಲಿಸಿದ ಮೂರು ಸ್ಥಳಗಳಲ್ಲಿ ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. ಅಲ್ಲಿ ಭೂಮಿಗೆ ಅಳತೆ ಪಟ್ಟಿ ಹಿಡಿಯುವ ಮುನ್ನ ಸರ್ಕಾರ ಒಂದು ಲೆಕ್ಕವನ್ನು ಗ್ರಾಮಸಭೆಗಳ ಮುಂದಿಡಲಿ: ಹಾರಾಟದ ನಿಮಿಷಗಳನ್ನಲ್ಲ, ಮನೆಯ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು, ಎಷ್ಟು ಜನರಿಗೆ, ಯಾರ ಹೊಲದ ಮೇಲೆ ಎಂಬುದನ್ನು.