ಮಾಯದ ಹುಣ್ಣಿಗೆ ಏಡಿಯ ಚಿಪ್ಪು, ತನ್ನದೇ ರಕ್ತ

ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲಿ ಹುಣ್ಣೊಂದು ಎದ್ದಿತೆಂದರೆ ಮನೆಮಂದಿಗೆಲ್ಲ ದಿಗಿಲು. ನರಗಳು ಮರಗಟ್ಟಿರುವುದರಿಂದ ಮುಳ್ಳು ಚುಚ್ಚಿದ್ದೂ ರೋಗಿಗೆ ತಿಳಿದಿರುವುದಿಲ್ಲ. ತಿಳಿಯುವ ವೇಳೆಗೆ ಕೀವು ತುಂಬಿರುತ್ತದೆ. ತಿಂಗಳುಗಟ್ಟಲೆ ಪಟ್ಟಿ ಕಟ್ಟಿಯೂ ಮಾಯದೆ ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗುವ ಪ್ರಸಂಗಗಳು ವಿರಳವಲ್ಲ. ಇಂಥ ವ್ರಣಗಳಿಗೆ ಪ್ರಕೃತಿಜನ್ಯ ವಸ್ತುಗಳನ್ನೂ ರೋಗಿಯ ರಕ್ತದಿಂದಲೇ ತೆಗೆದ ದ್ರವ್ಯಗಳನ್ನೂ ಕೂಡಿಸಿ ಹಚ್ಚುವ ವಿಚಾರ ಈಗ ಕೇಳಿಬರುತ್ತಿದೆ. ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಗಾಯಕ್ಕೆ ಜೇನು ಹಚ್ಚುವ ಕ್ರಮ ಸುಶ್ರುತಸಂಹಿತೆಯಷ್ಟು ಹಳೆಯದು. ನೀರಿನಂಶ ಅಲ್ಪವಾಗಿರುವ ಜೇನು ರೋಗಾಣುಗಳಿಂದ ನೀರನ್ನು ಹೀರಿಬಿಡುತ್ತದೆ. ಗಾಯದ ರಸದೊಡನೆ ಬೆರೆತಾಗ ಹೈಡ್ರೊಜನ್ ಪೆರಾಕ್ಸೈಡನ್ನು ಅಷ್ಟಷ್ಟಾಗಿ ಹೊರಬಿಡುತ್ತದೆ. (ಅಡಿಗೆಮನೆಯ ಸೀಸೆಯ ಜೇನನ್ನು ಯಾರೂ ಹಚ್ಚಬಾರದು, ಅದರಲ್ಲಿ ರೋಗಾಣುಬೀಜಗಳು ಇರಬಹುದು.) ಏಡಿ, ಸೀಗಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಧನವಿದ್ಯುದಂಶವುಳ್ಳದ್ದು, ರೋಗಾಣುವಿನ ಋಣಾಂಶಕ್ಕೆ ಅಂಟಿಕೊಂಡು ಅದರ ಪೊರೆಯನ್ನು ಕೆಡಿಸುತ್ತದೆ.

ರಕ್ತದ ಕಡೆಯಿಂದ ಬರುವುವು ಪ್ಲೇಟ್‌ಲೆಟ್ ಎಂಬ ಬಿಲ್ಲೆಯಾಕಾರದ ಕಣಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಇವು ರಕ್ತವನ್ನು ಹೆಪ್ಪುಗಟ್ಟಿಸುವುದಷ್ಟೇ ಅಲ್ಲ. ಹೊಸ ಅಂಗಾಂಶವನ್ನೂ ರಕ್ತನಾಳಗಳನ್ನೂ ಬೆಳೆಸುವಂತೆ ಜೀವಕೋಶಗಳನ್ನು ಪ್ರೇರಿಸುವ ಪ್ರೋಟೀನುಗಳನ್ನು ತಮ್ಮೊಳಗೆ ಹೊತ್ತಿರುತ್ತವೆ.

ಹಾಗಾದರೆ ಎರಡನ್ನೂ ಕೂಡಿಸುವುದೇಕೆ? ಸೋಂಕಿದ ಹುಣ್ಣಿನಲ್ಲಿ ರೋಗಾಣುಗಳು ತಾವೇ ಸ್ರವಿಸಿದ ಲೋಳೆಪೊರೆಯೊಳಗೆ ಅಡಗಿ ಕುಳಿತಿರುತ್ತವೆ; ಅಲ್ಲಿಗೆ ಔಷಧವು ಸರಿಯಾಗಿ ತಟ್ಟದು. ಜೊತೆಗೆ ಪ್ರೋಟೀನನ್ನು ತುಂಡರಿಸುವ ಕಿಣ್ವಗಳು ಅಲ್ಲಿ ಮಿತಿಮೀರಿರುತ್ತವೆ. ಅಂಥ ಕಡೆ ಪ್ಲೇಟ್‌ಲೆಟ್ ಸಾರವನ್ನು ಬರಿದೆ ಸುರಿದರೆ, ಬಿತ್ತಿದೊಡನೆ ಹಕ್ಕಿಗಳು ಹೆಕ್ಕಿಕೊಂಡ ಬೀಜದ ಗತಿಯೇ ಅದಕ್ಕೂ. ಕೈಟೊಸಾನ್ ಅಥವಾ ಕೊಲಾಜೆನ್‌ನ ಲೋಳೆಯಲ್ಲಿ ಅಡಗಿಸಿಟ್ಟರೆ ಸಾರವು ದಿನಗಟ್ಟಲೆ ನಿಧಾನವಾಗಿ ಒಸರೀತು. ಕೈಟೊಸಾನಾದರೆ ಇತ್ತ ರೋಗಾಣುಗಳನ್ನೂ ಅಣಗಿಸೀತು. ತರ್ಕವೇನೋ ಒಪ್ಪುವಂತಿದೆ.

ಆದರೆ ತರ್ಕವು ಪುರಾವೆಯಲ್ಲ. ಕೂಡಿಕೆಯ ಪ್ರಯೋಗಗಳು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿ, ಇಲಿ ಮೊಲಗಳ ಮೇಲೆ ನಡೆದಂಥವು. ರೋಗಿಯ ರಕ್ತದ ಬಿಳಿಕಣ, ಪ್ಲೇಟ್‌ಲೆಟ್, ಫೈಬ್ರಿನ್‌ಗಳ ಪದರವನ್ನು ಮಾತ್ರ ಬಳಸಿ ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 20 ವಾರಗಳೊಳಗೆ ಹುಣ್ಣು ಮಾಯ್ದವರು ನೂರಕ್ಕೆ 34. ಸಾಮಾನ್ಯ ಆರೈಕೆ ಪಡೆದವರಲ್ಲಿ 22. ಲಾಭ ನಿಜ, ಆದರೂ ಮೂವರಲ್ಲಿ ಇಬ್ಬರ ಹುಣ್ಣು ಹಾಗೆಯೇ ಉಳಿಯಿತೆಂಬುದನ್ನು ಮರೆಯಲಾಗದು. ಮಧುಮೇಹ ಪಾದದ ಬಗೆಗಿನ ಅಂತರರಾಷ್ಟ್ರೀಯ ತಜ್ಞಮಂಡಲಿಯು 2023ರಲ್ಲಿ, ಉತ್ತಮ ಆರೈಕೆಯೂ ಸೋತಲ್ಲಿ ಈ ಪದರವನ್ನು ಪರಿಶೀಲಿಸಬಹುದೆಂದಿತು. ಇಂಥ ಹುಣ್ಣುಗಳಿಗೆ ಜೇನು ಬೇಡವೆಂದೂ ಹೇಳಿತು. ಸುಟ್ಟ ಗಾಯದಲ್ಲಿ ಜೇನಿಗೆ ಸಂದಿರುವ ಮನ್ನಣೆ ಇಲ್ಲಿ ಅದಕ್ಕಿಲ್ಲ.

ಆದುದರಿಂದ ಸತ್ತ ಮಾಂಸವನ್ನು ಕೆರೆದು ತೆಗೆಯುವುದು, ಪಾದದ ಮೇಲಿನ ಭಾರ ತಪ್ಪಿಸುವುದು, ರಕ್ತಸಂಚಾರ ನೋಡುವುದು, ಸಕ್ಕರೆಯನ್ನು ಹತೋಟಿಗೆ ತರುವುದು, ಇಷ್ಟನ್ನು ಮಾಡದೆ ಪ್ಲೇಟ್‌ಲೆಟ್ ಚಿಕಿತ್ಸೆಗೆ ದೊಡ್ಡ ಮೊತ್ತ ಕೇಳುವ ವೈದ್ಯರನ್ನು ನಾವು ಒಪ್ಪಲಾರೆವು. ಆದರೆ ಈ ಮಾರ್ಗವನ್ನೇ ಕೈಬಿಡಬೇಕೆಂದೂ ನಾವು ಹೇಳೆವು. ರಕ್ತವನ್ನು ಗಿರಕಿ ಹೊಡೆಸುವ ಯಂತ್ರ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಇದೆ. ಚಿಪ್ಪು ನಮ್ಮ ಕರಾವಳಿಯಲ್ಲಿ ಕಸವಾಗಿ ಬೀಳುತ್ತದೆ. ನಮ್ಮ ವೈದ್ಯಕೀಯ ಕಾಲೇಜುಗಳೇ ರೋಗಿಗಳ ಒಪ್ಪಿಗೆ ಪಡೆದು, ಒಂದು ಗುಂಪಿಗೆ ಸಾಮಾನ್ಯ ಆರೈಕೆಯನ್ನೂ ಇನ್ನೊಂದಕ್ಕೆ ಅದರ ಜೊತೆಗೆ ಈ ಕೂಡಿಕೆಯನ್ನೂ ಕೊಟ್ಟು, ಉಳಿದ ಪಾದಗಳೆಷ್ಟೆಂದು ಎಣಿಸಿ ಪ್ರಕಟಿಸಲಿ.